ದುರ್ಗದ ನೀರಿನ ದಾರಿ

ಒಂದು ಪಟ್ಟಣದ ಚರಿತ್ರೆಯನ್ನು ತಿಳಿಯುವುದಕ್ಕೆ ಮೂರು ಹಾದಿಗಳುಂಟು. ಅಲ್ಲಿಯ ಶಾಸನಗಳನ್ನು ಓದುವುದು ಒಂದು. ಕೋಟೆ, ಗುಡಿ, ಅರಮನೆಗಳನ್ನು ನೋಡುವುದು ಇನ್ನೊಂದು. ಆ ಊರಿನ ಜನ ಕುಡಿಯುವ ನೀರನ್ನು ಎಲ್ಲಿಂದ ತಂದರು, ಹೇಗೆ ಕೂಡಿಟ್ಟರು, ಹೇಗೆ ಹಂಚಿಕೊಂಡರು ಎಂದು ವಿಚಾರಿಸುವುದು ಮೂರನೆಯದು. ಮೊದಲಿನ ಎರಡು ಹಾದಿಗಳಲ್ಲಿ ನಮಗೆ ಅರಸರು ಎದುರಾಗುತ್ತಾರೆ. ಮೂರನೆಯದರಲ್ಲಿ ಪ್ರಜೆಗಳು ಎದುರಾಗುತ್ತಾರೆ. ಅರಸರ ಕಥೆಯನ್ನು ಹೇಳುವವರು ಬಹಳ ಮಂದಿ ಇರುವುದರಿಂದ, ನಾವು ಈ ಹೊತ್ತು ಮೂರನೆಯ ಹಾದಿಯನ್ನು ಹಿಡಿಯುತ್ತೇವೆ.

ಯೂರೋಪಿನ ವೆನಿಸ್, ಆಮ್‌ಸ್ಟರ್‌ಡ್ಯಾಮ್ ಮೊದಲಾದ ಪಟ್ಟಣಗಳಲ್ಲಿ ಪ್ರವಾಸಿಗಳನ್ನು ಮಧ್ಯಾಹ್ನದ ಹೊತ್ತು ದೋಣಿಯಲ್ಲಿ ಕುಳ್ಳಿರಿಸಿ, ಕಾಲುವೆಯಿಂದ ಕಾಲುವೆಗೆ ಕರೆದೊಯ್ಯುತ್ತ, ದಡದ ಮನೆಮಾರುಗಳನ್ನು ತೋರಿಸುತ್ತ ಊರಿನ ಚರಿತ್ರೆಯನ್ನು ಹೇಳುವ ಪದ್ಧತಿಯಿದೆ. ಆಮ್‌ಸ್ಟರ್‌ಡ್ಯಾಮಿನ ಹಿರಿಯ ಕಾಲುವೆಗಳ ಕೆಲಸಕ್ಕೆ 1613ರಲ್ಲಿ ಕೈಹಾಕಿದರು. ತಗ್ಗಿನ ನಾಡಾದ ಅಲ್ಲಿ ನೀರು ಬೇಡವೆಂದರೂ ಬರುತ್ತದೆ; ಅದನ್ನು ಹೊರಗೆ ಸಾಗಿಸುವುದೇ ಜಾಣತನ. ನಮ್ಮ ಚಿತ್ರದುರ್ಗದ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ನೀರು ಬೇಕೆಂದರೂ ಬಾರದು. ಬಂದದ್ದನ್ನು ಹೋಗಗೊಡದಿರುವುದೇ ಜಾಣತನ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಂಗುಲ ಮಳೆಯಾದರೆ ಅದೇ ಹೆಚ್ಚೆಂಬ ಸೀಮೆಯಿದು. ಆದರೂ ಇಲ್ಲಿಯೂ ನೀರಿನ ಜೊತೆಯಲ್ಲಿ ಊರನ್ನು ಸುತ್ತಬಹುದು. ದೋಣಿಯಿಲ್ಲ, ಕಾಲೇ ದೋಣಿ. ಬೆಟ್ಟದ ಮೇಲಿನಿಂದ ನೀರು ಇಳಿದ ದಾರಿಯಲ್ಲಿ ನಾವೂ ಇಳಿಯಬೇಕು. ಶ್ರೋತೃಗಳು ಮನಸ್ಸಿನಲ್ಲಿಯೇ ನಮ್ಮೊಡನೆ ಬರುವರೆಂದು ನಂಬುತ್ತೇವೆ.

ದುರ್ಗಗಳಲ್ಲೆಲ್ಲ ಗಿರಿದುರ್ಗವೇ ಶ್ರೇಷ್ಠವೆಂದು ಮನುವಿನ ಮತ. ಶತ್ರುವಿಗೆ ಏರುವುದು ಕಷ್ಟ, ಒಳಗಿನವನಿಗೆ ಕಾಯುವುದು ಸುಲಭ. ಆದರೆ ಗಿರಿದುರ್ಗಕ್ಕೆ ಒಂದು ದೊಡ್ಡ ಶತ್ರುವುಂಟು, ಅದು ಬಾಯಾರಿಕೆ. ಮುತ್ತಿಗೆ ಹಾಕಿದವನು ಗೋಡೆಯನ್ನು ಒಡೆಯಬೇಕಾಗಿಲ್ಲ. ಒಳಗಿನ ಬಾವಿ ಬತ್ತುವವರೆಗೆ ಕಾದು ಕುಳಿತರೆ ಸಾಕು. ಆದುದರಿಂದ ಬೆಟ್ಟದ ಮೇಲೆ ಕೋಟೆ ಕಟ್ಟುವವನು ಕಲ್ಲನ್ನು ಯೋಚಿಸುವ ಮೊದಲು ನೀರನ್ನು ಯೋಚಿಸಬೇಕು. ವಿಜಯನಗರದ ಅಧೀನದಲ್ಲಿ 1568ರ ಸುಮಾರಿಗೆ ಮತ್ತಿ ತಿಮ್ಮಣ್ಣನಾಯಕನಿಂದ ಆರಂಭವಾದ ಚಿತ್ರದುರ್ಗದ ಪಾಳೆಯಗಾರರ ವಂಶ 1779ರವರೆಗೆ, ಎಂದರೆ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು, ಈ ಬೆಟ್ಟದ ಮೇಲೆ ನಿಂತಿತು. ಏಳು ಸುತ್ತಿನ ಕೋಟೆಯೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಏಳು ಸುತ್ತುಗಳ ಒಳಗೆ ಸೈನಿಕರು, ಅವರ ಹೆಂಡಿರು ಮಕ್ಕಳು, ಆನೆ, ಕುದುರೆ, ದನಕರುಗಳು ಕುಡಿದು ಬದುಕಿದ್ದು ಯಾವ ನೀರನ್ನು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕೋಟೆಗೆ ಬರುವವರು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಾರೆ. ದಾರಿ ತೋರಿಸುವವರು ಮದ್ದು ಬೀಸುವ ಕಲ್ಲುಗಳನ್ನೂ, ಎಣ್ಣೆಯ ಕೊಳಗಳನ್ನೂ, ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರರ ಗುಡಿಗಳನ್ನೂ ತೋರಿಸಿ, ಹೊಂಡಗಳ ಬಳಿಯಲ್ಲಿ ಒಂದು ಕ್ಷಣ ನಿಂತು ಮುಂದೆ ಸಾಗುತ್ತಾರೆ. ನೀರಿನ ಯಾತ್ರಿಕನು ಮಾತ್ರ ಮೊದಲು ಮೇಲಕ್ಕೆ ಹೋಗಿ, ಗೋಪಾಲಸ್ವಾಮಿಯ ಹೊಂಡದ ಬಳಿಯಲ್ಲಿ ಯಾತ್ರೆಯನ್ನು ಆರಂಭಿಸಬೇಕು.

ಅಲ್ಲಿ ನಿಂತು ಸುತ್ತಲೂ ನೋಡಿದರೆ ಕಾಣುವುದೆಲ್ಲ ಬಂಡೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಒಂದು ಗಳಿಗೆಯಲ್ಲಿ ಹರಿದು ಹೋಗುತ್ತದೆ. ಹೊಲದ ಒಕ್ಕಲಿಗನಿಗೆ ಇದು ಶಾಪ. ಆದರೆ ದುರ್ಗದ ಕುಶಲಿಗಳು ಇದನ್ನೇ ವರವನ್ನಾಗಿ ಮಾಡಿಕೊಂಡರು. ಇಂಗದ ನೀರನ್ನು ಹನಿಯೂ ಬಿಡದೆ ಹಿಡಿಯಬಹುದಲ್ಲವೆ? ಬಂಡೆಗಳ ಇಳಿಜಾರು ಒಂದಕ್ಕೊಂದು ಕೂಡುವ ಸ್ಥಳವನ್ನು ನೋಡಿ, ಅಲ್ಲಲ್ಲಿ ಬಂಡೆಯಲ್ಲಿಯೇ ಕಿರುಗಾಲುವೆಗಳನ್ನು ಕಡಿದು, ಎರಡು ಗುಂಡುಗಳ ನಡುವಣ ಸಂದಿಗೆ ಕಟ್ಟೆ ಕಟ್ಟಿ, ಇಡಿಯ ಬೆಟ್ಟವನ್ನೇ ಒಂದು ಮಾಡಿನಂತೆ ಉಪಯೋಗಿಸಿಕೊಂಡರು. ಮಾಡಿನ ನೀರು ಸೂರಿನಿಂದ ಹಂಡೆಗೆ ಬೀಳುವಂತೆ ಬೆಟ್ಟದ ನೀರು ಹೊಂಡಕ್ಕೆ ಬಿದ್ದಿತು.

ಗೋಪಾಲಸ್ವಾಮಿಯ ಹೊಂಡ ತುಂಬಿ ಉಕ್ಕಿದ ನೀರು ವ್ಯರ್ಥವಾಗುವುದಿಲ್ಲ. ಅದರ ದಾರಿ ಕೆಳಗಿರುವ ಅಕ್ಕತಂಗಿಯರ ಹೊಂಡಕ್ಕೆ. ಹೆಸರೇ ಹೇಳುವಂತೆ ಇವು ಒಂದಕ್ಕೊಂದು ಹತ್ತಿಕೊಂಡಿರುವ ಎರಡು ಹೊಂಡಗಳು. ಇವು ತುಂಬಿದ ಮೇಲೆ ಉಳಿದ ನೀರು ಇನ್ನೂ ಕೆಳಗಿಳಿದು, ಬೆಟ್ಟದ ಬುಡದ ಪೇಟೆಯಲ್ಲಿರುವ ಸಿಹಿನೀರು ಹೊಂಡವನ್ನೂ ಸಂತೆಹೊಂಡವನ್ನೂ ಸೇರುವಂತೆ ಏರ್ಪಾಡಾಗಿತ್ತು. ಮೇಲಿನ ಹೊಂಡದಲ್ಲಿ ಮಣ್ಣು ಮರಳು ತಳಕ್ಕೆ ಕೂರುತ್ತದೆ. ತಿಳಿಯಾದ ನೀರು ಮಾತ್ರ ಕೋಡಿಯ ಮೇಲೆ ಹಾದು ಮುಂದಿನ ಹೊಂಡಕ್ಕೆ ಹೋಗುತ್ತದೆ. ಹೀಗೆ ಹೊಂಡಗಳ ಸಾಲು ನೀರನ್ನು ಕೂಡಿಡುವುದಷ್ಟೇ ಅಲ್ಲ, ಶೋಧಿಸುವ ಕೆಲಸವನ್ನೂ ಮಾಡುತ್ತಿತ್ತು. ಯಂತ್ರವಿಲ್ಲ, ಏತವಿಲ್ಲ, ಭೂಮಿಯ ಇಳಿಜಾರೊಂದೇ ಇಲ್ಲಿಯ ಆಳು.

ಈ ಏರ್ಪಾಡಿನಲ್ಲಿ ಒಂದು ನೀತಿಯೂ ಅಡಗಿದೆ. ಮೇಲಿರುವವನು ತನಗೆ ಬೇಕಾದಷ್ಟನ್ನು ತುಂಬಿಕೊಳ್ಳಬಹುದು. ಆದರೆ ತುಂಬಿದ ಮೇಲೆ ತಡೆಯುವಂತಿಲ್ಲ. ಅರಮನೆಯವರು ಮಿಂದ ಮಳೆಯಲ್ಲಿಯೇ ಸಂತೆಯ ಮಾರಾಳಿಗೂ ಪಾಲುಂಟು. ಕೆಳಗಿನವನ ಬಾಯಾರಿಕೆ ಮೇಲಿನವನ ಕಟ್ಟೆಯ ಎತ್ತರವನ್ನು ಅವಲಂಬಿಸಿದೆ. ಕೋಡಿ ಎಂಬ ಎರಡಕ್ಷರದಲ್ಲಿ ನಮ್ಮ ಹಿರಿಯರು ಈ ಧರ್ಮವನ್ನು ಕಲ್ಲಿನಲ್ಲಿ ಬರೆದಿಟ್ಟರೆಂದು ಹೇಳಿದರೆ ತಪ್ಪಾಗಲಾರದು.

ದೋಣಿಯಿಲ್ಲವೆಂದು ಮೊದಲಿಗೆ ಹೇಳಿದೆವಷ್ಟೆ. ದುರ್ಗದ ಜನ ಆ ಮಾತನ್ನು ಒಪ್ಪಲಾರರು. ಅವರಲ್ಲಿ ತಣ್ಣೀರು ದೋಣಿ ಎಂಬುದೊಂದುಂಟು. ಇದು ತೇಲುವ ದೋಣಿಯಲ್ಲ. ಬಂಡೆಯ ನೆರಳಿನಲ್ಲಿ ವರ್ಷವಿಡೀ ತಣ್ಣಗಿನ ನೀರು ನಿಲ್ಲುವ ಒಂದು ಪುಟ್ಟ ನೆಲೆ. ಬಂಡೆಯ ಮೇಲಣ ಇಂತಹ ನೀರಿನ ಗುಂಡಿಗೆ ಕನ್ನಡದಲ್ಲಿ ದೊಣೆ ಎಂಬ ಹೆಸರೂ ಉಂಟು. ದೊಣೆ, ದೋಣಿ ಎರಡೂ ಕಿವಿಗೆ ಅಕ್ಕತಂಗಿಯರಂತೆಯೇ ಕೇಳಿಸುತ್ತವೆ. ಹಾಲೆಂಡಿನವನಿಗೆ ದೋಣಿಯೆಂದರೆ ನೀರಿನ ಮೇಲೆ ಮನುಷ್ಯನನ್ನು ಹೊರುವ ಮರದ ಪಾತ್ರೆ; ದುರ್ಗದವನಿಗೆ ಅದು ಮನುಷ್ಯನಿಗಾಗಿ ನೀರನ್ನು ಹೊತ್ತ ಕಲ್ಲಿನ ಪಾತ್ರೆ.

ಈ ತಣ್ಣೀರು ದೋಣಿಯ ಹತ್ತಿರದಲ್ಲಿಯೇ ಒನಕೆ ಓಬವ್ವನ ಕಿಂಡಿಯಿದೆ. ಕಥೆ ಎಲ್ಲರಿಗೂ ಗೊತ್ತು. ಹೈದರಾಲಿಯ ಸೈನ್ಯ ದುರ್ಗವನ್ನು ಮುತ್ತಿದ್ದ ಕಾಲ. ಕಾವಲುಗಾರ ಮುದ್ದಹನುಮನು ಊಟಕ್ಕೆ ಕುಳಿತಿದ್ದಾನೆ. ಗಂಡನಿಗೆ ನೀರು ತರಲು ಹೋದ ಓಬವ್ವನಿಗೆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿರುವ ಶತ್ರುಗಳ ಸುಳಿವು ಸಿಕ್ಕಿತು. ಒನಕೆಯನ್ನು ಹಿಡಿದು ನಿಂತಳು. 1972ರಲ್ಲಿ ತೆರೆಕಂಡ 'ನಾಗರಹಾವು' ಚಿತ್ರದಿಂದ ಈ ಪ್ರಸಂಗ ಕನ್ನಡ ನಾಡಿನ ಮನೆಮನೆಗೂ ತಲುಪಿತು. ಇದು ಜನರ ಬಾಯಿಂದ ಬಾಯಿಗೆ ಬಂದ ಕಥೆ. ಅದು ಹೇಗೆಯೇ ಇರಲಿ, ಕಥೆಯನ್ನು ಕಟ್ಟಿದ ಜನಕ್ಕೆ ಒಂದು ಸಂಗತಿ ಚೆನ್ನಾಗಿ ತಿಳಿದಿತ್ತು: ಕೋಟೆಯ ಮೂಲೆ ಮೂಲೆಯನ್ನು ಬಲ್ಲವರು ಸರದಾರರಲ್ಲ, ದಿನವೂ ಕೊಡ ಹಿಡಿದು ಓಡಾಡುವ ಹೆಂಗಸರು. ನಾವು ಒನಕೆಯನ್ನು ನೆನೆಯುತ್ತೇವೆ. ಓಬವ್ವನ ಕೈಯಲ್ಲಿ ಒನಕೆಗಿಂತ ಮೊದಲು ನೀರಿನ ಪಾತ್ರೆಯಿತ್ತೆಂಬುದನ್ನು ಮರೆಯುತ್ತೇವೆ.

1779ರಲ್ಲಿ ದುರ್ಗ ಬಿದ್ದಿತು. ಕಡೆಯ ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಒಳಗಿನವರ ಭೇದವನ್ನು ಅದಕ್ಕೆ ಕಾರಣವೆಂದು ಹೇಳುತ್ತಾರೆ; ಹೊಂಡ ಬತ್ತಿ ಬಾಗಿಲು ತೆರೆದರೆಂದು ಹೇಳುವವರಿಲ್ಲ. ಮನುಷ್ಯರು ಕೈಬಿಟ್ಟರೂ ನೀರು ಕೈಬಿಡಲಿಲ್ಲ.

ಇಷ್ಟು ಕುಶಲತೆ ಪಾಳೆಯಗಾರರ ಕಾಲದಲ್ಲಿ ಒಮ್ಮೆಗೇ ಹುಟ್ಟಿತೆ? ಇಲ್ಲವೆಂಬುದಕ್ಕೆ ಸಾಕ್ಷಿ ಬೆಟ್ಟದ ಮಗ್ಗುಲಲ್ಲಿಯೇ ಇದೆ. ಚಂದ್ರವಳ್ಳಿಯ ಕಣಿವೆಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯ ಮೇಲೆ, ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರಲ್ಲಿ ಒಂದು ಪ್ರಾಕೃತ ಶಾಸನವನ್ನು ಕಂಡುಹಿಡಿದರು. ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಶಾಸನವದು. ಕಾಲ ಕ್ರಿಸ್ತಶಕ ನಾಲ್ಕನೆಯ ಶತಮಾನ. ಅದರಲ್ಲಿ ಹೆಸರಿಸಿರುವ ರಾಜವಂಶಗಳ ಪಾಠದ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಆದರೆ ಶಾಸನದ ಮುಖ್ಯ ವಿಷಯ ಸರಳವಾದುದು: ಮಯೂರಶರ್ಮನು ಇಲ್ಲಿ ಒಂದು ತಟಾಕವನ್ನು ಕಟ್ಟಿಸಿದನು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಇದೇ ಕಣಿವೆಯಲ್ಲಿ ಅಗೆತವನ್ನು ನಡೆಸಿದರು. ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳೂ ಈ ನೆಲದಲ್ಲಿ ದೊರೆತಿವೆ. ರೋಮಿನ ಹಣ ತಲುಪುವಷ್ಟು ಹಳೆಯ ಊರು. ಆ ಊರಿನಲ್ಲಿ ಕನ್ನಡ ನಾಡಿನ ಒಬ್ಬ ಮೊದಲ ಅರಸನು ಬಂಡೆಯ ಮೇಲೆ ಬರೆಯಿಸಲು ತಕ್ಕುದೆಂದು ಎಣಿಸಿದ ಕೆಲಸ, ಕೆರೆ ಕಟ್ಟಿಸಿದ್ದು. ಹೊಳಲು ಎಂದರೆ ಪಟ್ಟಣ. ನೆರೆಯ ಹೊಳಲ್ಕೆರೆಯ ಹೆಸರಿನಲ್ಲಿ ಪಟ್ಟಣವೂ ಕೆರೆಯೂ ಒಂದೇ ಮಾತಾಗಿ ಕೂಡಿರುವುದು ಈ ಸೀಮೆಗೆ ಒಪ್ಪುವಂತೆಯೇ ಇದೆ.

ಬೆಟ್ಟದಿಂದ ಇಳಿದ ನಾವು ಈಗ ಆಗ್ನೇಯಕ್ಕೆ ಹಿರಿಯೂರಿನ ಕಡೆಗೆ ಹೊರಡೋಣ. ದುರ್ಗದ ಹೊಂಡದಲ್ಲಿ ಕಂಡ ತತ್ತ್ವವೇ ಅಲ್ಲಿ ನೂರು ಪಾಲು ದೊಡ್ಡದಾಗಿ ಕಾಣುತ್ತದೆ. ಬಾಬಾಬುಡನಗಿರಿಯ ಸೀಮೆಯಲ್ಲಿ ಹುಟ್ಟಿದ ವೇದಾ, ಅವತಿ ಎಂಬ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ಹಾದು, ಹಿರಿಯೂರಿಗೆ ಮುನ್ನ ಎರಡು ಬೆಟ್ಟಗಳ ನಡುವೆ ನುಗ್ಗುತ್ತವೆ. ಕಣಿವೆ ಮಾರಮ್ಮನ ಸನ್ನಿಧಿಯಿಂದ ಈ ಸ್ಥಳಕ್ಕೆ ಮಾರಿಕಣಿವೆ ಎಂದು ಹೆಸರು. 1876ರಿಂದ 1878ರವರೆಗಿನ ಧಾತು ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋದರು. ಆ ನೆನಪು ಆರುವ ಮುನ್ನವೇ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿಯೂ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿಯೂ ಇದ್ದ ಕಾಲದಲ್ಲಿ, ಈ ಕಣಿವೆಗೆ ಕಟ್ಟೆ ಹಾಕುವ ಕೆಲಸ ಮೊದಲಾಯಿತು. 1907ರಲ್ಲಿ ಅದು ಮುಗಿಯಿತು; ಕನ್ನಂಬಾಡಿಯ ಕೆಲಸ ಆರಂಭವಾದದ್ದು ಅದರ ನಾಲ್ಕು ವರ್ಷಗಳ ಮೇಲೆ, 1911ರಲ್ಲಿ. ಜಲಾಶಯಕ್ಕೆ ಮಹಾರಾಣಿಯವರ ಹೆಸರಿನಿಂದ ವಾಣೀವಿಲಾಸ ಸಾಗರವೆಂದು ನಾಮಕರಣವಾಯಿತು.

ಇದರಲ್ಲಿ ಹಿಡಿಯುವ ನೀರು ಸುಮಾರು ಮೂವತ್ತು ಟಿ.ಎಂ.ಸಿ., ಎಂದರೆ ಮೂರು ಸಾವಿರ ಕೋಟಿ ಘನ ಅಡಿ. ನೀರು 130 ಅಡಿಗೆ ಏರಿದರೆ ಕೋಡಿ ಬೀಳುತ್ತದೆ. ಎಡದಲ್ಲೊಂದು ಬಲದಲ್ಲೊಂದು ಕಾಲುವೆ ಹೊರಟು ಹಿರಿಯೂರಿನ ಬಯಲಿಗೆ ನೀರುಣಿಸುತ್ತವೆ. ಒಣಭೂಮಿಯ ನಡುವೆ ಆ ಕಾಲುವೆಗಳ ಬದಿಯಲ್ಲಿ ಮಧ್ಯಾಹ್ನದ ಹೊತ್ತು ನಡೆಯುವವನಿಗೆ ತೆಂಗು ಅಡಕೆಗಳ ನೆರಳು ದೊರೆಯುತ್ತದೆ. ಕಾಲುವೆ ಮುಗಿದಲ್ಲಿ ನೆರಳೂ ಮುಗಿಯುತ್ತದೆ. ಚರಿತ್ರೆಯನ್ನು ಇಷ್ಟು ಸ್ಪಷ್ಟವಾಗಿ ನೆಲದ ಮೇಲೆ ಗೆರೆ ಎಳೆದು ತೋರಿಸುವ ಸ್ಥಳಗಳು ವಿರಳ.

ಇಲ್ಲಿಯೂ ಮೇಲಿನವನು ಕೆಳಗಿನವನು ಎಂಬ ಪ್ರಶ್ನೆ ಎದ್ದೇ ಇದೆ. ವೇದಾವತಿ ಮುಂದೆ ಹಗರಿಯೆನಿಸಿಕೊಂಡು ತುಂಗಭದ್ರೆಯನ್ನು ಸೇರುತ್ತದೆ. ಮೈಸೂರು ಸಂಸ್ಥಾನಕ್ಕೂ ಮದರಾಸು ಆಧಿಪತ್ಯಕ್ಕೂ 1892ರಲ್ಲಿ ಆದ ಒಪ್ಪಂದದಲ್ಲಿ, ಮೇಲಿನ ಸಂಸ್ಥಾನವು ಕೆಳಗಿನವರ ಸಮ್ಮತಿಯಿಲ್ಲದೆ ಹೊಸ ಕಟ್ಟೆ ಹಾಕಬಾರದೆಂದು ಗೊತ್ತುಮಾಡಿದ ನದಿಗಳಲ್ಲಿ ಈ ವೇದಾವತಿಯೂ ಒಂದು. ದುರ್ಗದ ಹೊಂಡಗಳಲ್ಲಿ ಕಲ್ಲಿನ ಕೋಡಿ ಹೇಳುತ್ತಿದ್ದ ಮಾತನ್ನು ಇಲ್ಲಿ ಕಾಗದ ಹೇಳಬೇಕಾಯಿತು.

ವಾಣೀವಿಲಾಸ ಸಾಗರ 1933ರಲ್ಲಿ ತುಂಬಿ ಕೋಡಿ ಬಿದ್ದಿತು. ಅದರ ಮೇಲೆ ಎರಡು ತಲೆಮಾರು ಕೋಡಿಯ ನೀರನ್ನು ನೋಡದೆಯೇ ಬೆಳೆದವು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ತರುವಾಯ. ಹಿರಿಯೂರಿನ ಜನ ಹಬ್ಬದಂತೆ ಹೋಗಿ ನೋಡಿದರು. ಆದರೆ ಅದೇ ವರ್ಷ ಹಿನ್ನೀರು ಮೇಲಕ್ಕೆ ಹರಡಿ ಹೊಸದುರ್ಗದ ಕಡೆಯ ತೋಟ ಹೊಲಗಳನ್ನು ಮುಳುಗಿಸಿತು. ಒಂದೇ ನೀರು, ಒಂದೇ ಕಾಲ. ಕೆಳಗೆ ಬಾಗಿನ, ಮೇಲೆ ಕಣ್ಣೀರು. ಇಷ್ಟು ದಿನ ನೀರಿಲ್ಲದಾಗ ಹಂಚಿಕೊಳ್ಳುವುದನ್ನು ಕಲಿತ ಸೀಮೆ, ನೀರು ಹೆಚ್ಚಾದಾಗ ಹಂಚಿಕೊಳ್ಳುವುದನ್ನೂ ಕಲಿಯಬೇಕಾದ ಕಾಲ ಬಂದಿತು. ಇದರ ಜೊತೆಗೆ ಭದ್ರಾ ಮೇಲ್ದಂಡೆಯ ಯೋಜನೆಯಿಂದ ಬೇರೊಂದು ನದಿಯ ನೀರೂ ಈ ಸಾಗರಕ್ಕೆ ಬಂದು ಸೇರಿದೆ. ಹೊರಗಿನ ನೀರು ಬಂದಿತೆಂದು ತನ್ನ ಬೆಟ್ಟದ ನೀರಿನ ದಾರಿಯನ್ನು ಮರೆಯುವ ಅಪಾಯವೂ ಅದರೊಡನೆಯೇ ಬಂದಿದೆ.

ಅಪಾಯವೆಂದು ನಾವು ಹೇಳುವುದಕ್ಕೆ ಕಾರಣವುಂಟು. ಹೊಂಡವನ್ನು ಸ್ಮಾರಕವೆಂದು ಕಾಪಾಡುವುದು ಸುಲಭ. ಸುತ್ತಲೂ ಬೇಲಿ ಹಾಕಿ ಫಲಕ ನೆಟ್ಟರೆ ಆಯಿತು. ಆದರೆ ಹೊಂಡದಿಂದ ಹೊಂಡಕ್ಕೆ ನೀರು ಹೋಗುವ ಗೇಣಗಲದ ದಾರಿಗೆ ಫಲಕವಿಲ್ಲ. ಊರು ಬೆಳೆದಂತೆಲ್ಲ ಮೊದಲು ಮಾಯವಾಗುವುದು ಅದೇ. ಒಬ್ಬನು ಅದರ ಮೇಲೆ ಗೋಡೆ ಇಡುತ್ತಾನೆ, ಇನ್ನೊಬ್ಬನು ಕಸ ಸುರಿಯುತ್ತಾನೆ, ಮತ್ತೊಬ್ಬನು ರಸ್ತೆ ಹಾಯಿಸುತ್ತಾನೆ. ಯಾರೂ ಹೊಂಡವನ್ನು ಕೆಡಿಸಿದವರಲ್ಲ. ಆದರೂ ಹೊಂಡ ಕೆಟ್ಟಿತು. ದಾರಿ ಮುಚ್ಚಿದ ಹೊಂಡ ಹೂಳಿನ ಗುಂಡಿಯಲ್ಲದೆ ಬೇರೆಯಲ್ಲ.

ಆದುದರಿಂದ ನಮ್ಮ ಶಾಲೆ ಕಾಲೇಜುಗಳ ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ವಿದ್ಯಾರ್ಥಿಗಳನ್ನು ಕೋಟೆಗೆ ಕರೆದೊಯ್ಯುವಾಗ ಒಂದು ಮಧ್ಯಾಹ್ನವನ್ನು ನೀರಿಗಾಗಿ ಮೀಸಲಿಡಿರಿ; ಸಾಧ್ಯವಾದರೆ ಮಳೆ ಬಂದು ನಿಂತ ದಿನವೇ ಹೋಗಿರಿ. ಗೋಪಾಲಸ್ವಾಮಿಯ ಹೊಂಡದ ಕೋಡಿಯ ಬಳಿ ಅವರನ್ನು ನಿಲ್ಲಿಸಿ, ಹರಿಯುವ ನೀರಿನ ಹಿಂದೆ ನಡೆಯಹೇಳಿರಿ. ಅದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಏಕೆ ನಿಂತಿತೆಂದು ಅವರೇ ಕೇಳಲಿ. ಅರಸರ ಹೆಸರುಗಳನ್ನು ಅವರು ಪರೀಕ್ಷೆಯ ಮರುದಿನ ಮರೆತಾರು. ನೀರು ನಿಂತುಹೋದ ಜಾಗದಲ್ಲಿ ಬಿದ್ದಿದ್ದ ಕಲ್ಲನ್ನು ತಾವೇ ಎತ್ತಿ ಬದಿಗಿಟ್ಟು, ಅದು ಮತ್ತೆ ಕೆಳಗಿನ ಹೊಂಡದ ಕಡೆಗೆ ಹೊರಟುದನ್ನು ನೋಡಿದ ಹುಡುಗನು ಮಾತ್ರ ಆ ದಿನವನ್ನು ಮರೆಯಲಾರನು.