ಕೊಳವೆಯ ಬಾಯಿಯಲ್ಲಿ ನೀರಿನ ಲೆಕ್ಕ

ನಮ್ಮ ಊರುಗಳಲ್ಲಿ ನಳದ ಸಂಪರ್ಕಕ್ಕೆ ಅರ್ಜಿ ಹಾಕಿದರೆ ಮೊದಲು ಕೇಳುವ ಪ್ರಶ್ನೆ, ಅರ್ಧ ಇಂಚಿನ ಪೈಪೋ ಮುಕ್ಕಾಲು ಇಂಚಿನದೋ ಎಂದು. ಪೈಪಿನ ಗಾತ್ರ ಗೊತ್ತಾದರೆ ನೀರಿನ ಪ್ರಮಾಣವೂ ಗೊತ್ತಾಯಿತು ಎಂದು ನಾವು ನಂಬಿಬಿಡುತ್ತೇವೆ. ಆದರೆ ಒಂದೇ ಅಳತೆಯ ಪೈಪಿದ್ದರೂ ತಗ್ಗಿನ ಬೀದಿಯವರ ಕೊಡ ತುಂಬುವ ಹೊತ್ತಿಗೆ ದಿಣ್ಣೆಯ ಮೇಲಿನವರ ಚೊಂಬೂ ತುಂಬಿರುವುದಿಲ್ಲ. ಮನೆಯಲ್ಲಿ ದೊಡ್ಡ ಅಕ್ವೇರಿಯಂ ಇಟ್ಟವರಿಗೂ ಇದೇ ಪೇಚು. ಕೆಳಗಿನ ತೊಟ್ಟಿಯಿಂದ ಪಂಪು ಮೇಲಕ್ಕೆತ್ತುವಷ್ಟು ನೀರು, ಉಕ್ಕಿದ್ದನ್ನು ಇಳಿಸುವ ಪೈಪಿನಲ್ಲಿ ಇಳಿಯದಿದ್ದರೆ ಮೀನಿನ ತೊಟ್ಟಿ ತುಂಬಿ ನೆಲವೆಲ್ಲ ಕೆರೆಯಾಗುತ್ತದೆ. ಒಂದು ಕೊಳವೆಯಲ್ಲಿ ಎಷ್ಟು ನೀರು ಹರಿದೀತು ಎಂಬ ಈ ಸಣ್ಣ ಪ್ರಶ್ನೆಯ ಹಿಂದೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ.

ಕ್ರಿ.ಶ. 97ರಲ್ಲಿ ಚಕ್ರವರ್ತಿ ನೆರ್ವಾ ರೋಮ್ ನಗರದ ನೀರು ಸರಬರಾಜಿನ ಹೊಣೆಯನ್ನು ಫ್ರಾಂಟಿನಸ್ ಎಂಬ ಹಿರಿಯ ಅಧಿಕಾರಿಗೆ ಒಪ್ಪಿಸಿದನು. ಫ್ರಾಂಟಿನಸ್ ಮಾಡಿದ ಮೊದಲ ಕೆಲಸ ಕಡತಗಳ ತಪಾಸಣೆ. ಅಲ್ಲಿ ನೀರಿನ ಅಳತೆ 'ಕ್ವಿನಾರಿಯಾ'ದಲ್ಲಿತ್ತು. ಸುಮಾರು 2.3 ಸೆಂಟಿಮೀಟರ್ ವ್ಯಾಸದ ಒಂದು ಕೊಳವೆಯೇ ಒಂದು ಕ್ವಿನಾರಿಯಾ. ಕಡತದ ಪ್ರಕಾರ ಕಾಲುವೆಗಳಿಗೆ ಬಂದ ನೀರು 12,755 ಕ್ವಿನಾರಿಯಾ, ಹಂಚಿದ್ದು 14,018! ಬಂದದ್ದಕ್ಕಿಂತ ಹಂಚಿದ್ದೇ ಹೆಚ್ಚು. ಅವನೇ ಕಾಲುವೆಗಳ ತಲೆಗೆ ಹೋಗಿ ಅಳೆದು ನೋಡಿದರೆ ಕಡತದಲ್ಲಿದ್ದುದಕ್ಕಿಂತ ಸುಮಾರು ಹತ್ತು ಸಾವಿರ ಕ್ವಿನಾರಿಯಾ ಹೆಚ್ಚು ಸಿಕ್ಕಿತು. ಲೆಕ್ಕಕ್ಕೆ ಬಾರದ ನೀರೆಲ್ಲ ಎಲ್ಲಿ ಹೋಯಿತು?

ಫ್ರಾಂಟಿನಸ್ ನೀರಗಂಟಿಗಳನ್ನು ಶಂಕಿಸಿದ. ಅದರಲ್ಲಿ ಹುರುಳೂ ಇತ್ತು. ಮನೆಗಳ ಸಂಪರ್ಕಕ್ಕೆ ಮುದ್ರೆಯೊತ್ತಿದ ಕಂಚಿನ ನಳಿಗೆಯನ್ನು ಕೂರಿಸಬೇಕು, ಅಲ್ಲಿಂದ ಐವತ್ತು ಅಡಿಯವರೆಗೆ ಅದೇ ಗಾತ್ರದ ಕೊಳವೆ ಇರಬೇಕು ಎಂದು ಕಾನೂನಿತ್ತು. ಕಾಸು ಕೊಟ್ಟವರಿಗೆ ದೊಡ್ಡ ನಳಿಗೆ, ಇಲ್ಲವೆ ನಳಿಗೆಯಾಚೆ ದೊಡ್ಡ ಕೊಳವೆ ಹಾಕಿಕೊಡುತ್ತಿದ್ದರು. ತಗ್ಗಿನಲ್ಲಿ ಕೂರಿಸಿದ ನಳಿಗೆ ಹೆಚ್ಚು ನೀರು ಎಳೆಯುತ್ತದೆ, ಎತ್ತರದ್ದು ಕಡಿಮೆ ಎಂಬುದನ್ನೂ ಅವನು ಬರೆದಿದ್ದಾನೆ. ಆದರೆ ಅದನ್ನು ಲೆಕ್ಕಕ್ಕೆ ಇಳಿಸಲು ಅವನಿಂದಾಗಲಿಲ್ಲ. ಅವನ ಮಾಪನವೂ ಬಾಯಿಯ ಅಗಲದ್ದೇ. ಹಾಗಾಗಿ ಅವನು ಕಳವೆಂದು ತಿಳಿದದ್ದರಲ್ಲಿ ಕಳ್ಳರ ಪಾಲೆಷ್ಟು, ಮಾಪನದ ತಪ್ಪಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ನೀರಗಂಟಿಗಳ ಮೇಲೆ ಹೊರಿಸಿದ ಆರೋಪದ ಒಂದು ಪಾಲು ಕೊಳವೆಯ ಮೇಲೆಯೇ ಹೋಗಬೇಕಿತ್ತು ಎಂದು ನಮಗನಿಸುತ್ತದೆ.

ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೀರೋ ಸರಿಯಾದ ಮಾತನ್ನು ಹೇಳಿದ್ದನು. ಹರಿವಿನ ಅಗಲ ಮತ್ತು ಆಳ ಅಳೆದರೆ ಸಾಲದು, ವೇಗವೂ ಬೇಕು. ಒಂದು ಗುಂಡಿ ತೋಡಿ, ಇಂತಿಷ್ಟು ಹೊತ್ತಿನಲ್ಲಿ ಅದರಲ್ಲಿ ಎಷ್ಟು ನೀರು ಬಿದ್ದಿತೆಂದು ನೋಡಿ ಎಂದನು. ರೋಮಿನ ಕಚೇರಿಗೆ ಈ ಮಾತು ಮುಟ್ಟಲಿಲ್ಲ.

ಇನ್ನೊಂದು ದಾರಿಯೂ ಇತ್ತು. ವೇಗವನ್ನು ಅಳೆಯಲಾಗದಿದ್ದರೆ ಅದು ಬದಲಾಗದಂತೆ ನೋಡಿಕೊಳ್ಳುವುದು! ನೀರಿನ ಗಡಿಯಾರ ಮಾಡುವವರಿಗೆ ಇದು ಅನಿವಾರ್ಯವಾಗಿತ್ತು. ತೊಟ್ಟಿಯ ನೀರು ತಗ್ಗಿದಂತೆ ಧಾರೆ ನಿಧಾನವಾಗುತ್ತದೆ, ಗಡಿಯಾರ ಸುಳ್ಳು ಹೇಳುತ್ತದೆ. ದಿಯಾರ್‌ಬಕಿರ್‌ನ ಅರ್ತುಕೀ ದೊರೆಗಳ ಆಸ್ಥಾನದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ತನ್ನ ಯಂತ್ರಗಳ ಗ್ರಂಥದಲ್ಲಿ ಇದರ ಪರಿಹಾರವನ್ನು ವಿವರಿಸಿದ್ದಾನೆ. ದೊಡ್ಡ ತೊಟ್ಟಿಗೂ ಹೊರಬಾಯಿಗೂ ನಡುವೆ ಒಂದು ಪುಟ್ಟ ಕೋಣೆ; ಅದರಲ್ಲಿ ತೇಲುವ ಬುರುಡೆ. ನೀರು ಏರಿದರೆ ಬುರುಡೆ ಏರಿ ಒಳಬಾಯಿಯನ್ನು ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಮಟ್ಟ ಸ್ಥಿರ, ಧಾರೆಯೂ ಸ್ಥಿರ. ಇಂದು ನಮ್ಮ ಮನೆಯ ಮೇಲಿನ ಟ್ಯಾಂಕಿನಲ್ಲಿ ತೇಲುವ ಬಾಲ್ ಮಾಡುವುದೂ ಇದೇ ಕೆಲಸ. ಋತುವಿಗೆ ತಕ್ಕಂತೆ ಹಗಲಿನ ಉದ್ದ ಬದಲಾಗುವುದರಿಂದ ಹೊರಬಾಯಿಯನ್ನು ಮೇಲಕ್ಕೆ ಕೆಳಕ್ಕೆ ತಿರುಗಿಸುವ ಬಿಲ್ಲೆಯನ್ನೂ ಅವನು ಮಾಡಿದ. ಹಿಂದಿನವರ ಗುರುತುಗಳನ್ನು ಕಣ್ಣುಮುಚ್ಚಿ ಒಪ್ಪದೆ, ನೀರು ಹರಿಸಿ ಪರೀಕ್ಷಿಸಿ, ತಪ್ಪೆಂದು ಕಂಡು ಹೊಸದಾಗಿ ಗುರುತು ಹಾಕಿದ. ಜಝರಿಯ ಹೆಸರೆತ್ತಿದಾಗಲೆಲ್ಲ ಅವನ ಆನೆಗಡಿಯಾರದ ಚಿತ್ರವನ್ನಷ್ಟೇ ಮೆರೆಸುವ ನಾವು ಈ ತಾಳ್ಮೆಯನ್ನು ಮರೆಯುತ್ತೇವೆ.

ಮಟ್ಟವನ್ನು ಸ್ಥಿರವಾಗಿಡುವ ಈ ಉಪಾಯ ಒಂದು ಮಹಾನಗರದ ನೀರು ಹಂಚಿಕೆಗೂ ಆಧಾರವಾದುದನ್ನು ಇಸ್ತಾಂಬುಲ್‌ನಲ್ಲಿ ಕಾಣಬಹುದು. ಸುಲ್ತಾನ್ ಸುಲೈಮಾನನ ಕಾಲದಲ್ಲಿ ಶಿಲ್ಪಿ ಸಿನಾನ್ 16ನೇ ಶತಮಾನದ ನಡುವೆ ಕಿರ್ಕ್‌ಚೆಶ್ಮೆ ಕಾಲುವೆಗಳನ್ನು ಕಟ್ಟಿದನು. ಅಲ್ಲಿನ ಅಳತೆ 'ಲೂಲೆ'. ಅದೂ ಒಂದು ನಳಿಗೆಯೇ, ವ್ಯಾಸ 26 ಮಿಲಿಮೀಟರ್. ಆದರೆ ಕ್ವಿನಾರಿಯಾದಲ್ಲಿ ಇಲ್ಲದ ಒಂದು ಷರತ್ತು ಇದರಲ್ಲಿತ್ತು: ಅಳತೆಪೆಟ್ಟಿಗೆಯಲ್ಲಿ ನಳಿಗೆಯ ಮೇಲೆ ನೀರು 96 ಮಿಲಿಮೀಟರ್ ಎತ್ತರಕ್ಕೆ ನಿಂತಿರಬೇಕು. ಆಗ ನಿಮಿಷಕ್ಕೆ ಸುಮಾರು 36 ಲೀಟರ್ ನೀರು ಬೀಳುತ್ತದೆ. ಲೂಲೆಯ ಎಂಟನೆಯ ಒಂದು ಪಾಲು 'ಮಸೂರ', ಅರವತ್ತನಾಲ್ಕನೆಯ ಒಂದು ಪಾಲು 'ಹಿಲಾಲ್'. ಮಸೀದಿ, ಹಮಾಮು, ಬೀದಿಯ ಕಾರಂಜಿಗಳ ವಕ್ಫ್‌ಗಳಿಗೆ ಸಲ್ಲಬೇಕಾದ ನೀರು ಈ ಅಳತೆಯಲ್ಲೇ ಗೊತ್ತಾಗುತ್ತಿತ್ತು. ಹೊಸ ಚಿಲುಮೆ ಹುಡುಕಿದವನು ಅದರ ನೀರನ್ನು ಮುಖ್ಯ ಕಾಲುವೆಗೆ ಸೇರಿಸಿ ನಗರದಲ್ಲಿ ತನ್ನ ಪಾಲು ಪಡೆಯಲೂ ಅವಕಾಶವಿತ್ತು. ಅಳತೆ ನಂಬುವಂತಿಲ್ಲದಿದ್ದರೆ ಇಂಥ ಕರಾರು ಒಂದು ದಿನವೂ ನಿಲ್ಲುತ್ತಿರಲಿಲ್ಲ. ಇಂದು ಸುದ್ದಿಯಲ್ಲಿ ಕೇಳುವ ತಕ್ಸಿಮ್ ಚೌಕದ ಹೆಸರು ಬಂದದ್ದು, 1730ರ ದಶಕದಲ್ಲಿ ಸುಲ್ತಾನ್ ಮಹ್ಮೂದ್ ಅಲ್ಲಿ ಕಟ್ಟಿಸಿದ ನೀರು ಹಂಚುವ ಕಟ್ಟಡದಿಂದ. ತಕ್ಸೀಮ್ ಎಂದರೆ ಹಂಚಿಕೆ ಎಂಬುದು ಉರ್ದು ಬಲ್ಲವರಿಗೆ ಹೇಳಬೇಕಿಲ್ಲ.

ಎತ್ತರ ಕಡಿಮೆಯಾದರೆ ನೀರು ಬರುವುದಿಲ್ಲ, ಅತಿಯಾದರೆ ಕೊಳವೆ ಸಿಡಿಯುತ್ತದೆ. ಇದನ್ನು ನಿಭಾಯಿಸಿದ ಗುರುತು ನಮ್ಮ ವಿಜಯಪುರದಲ್ಲೇ ಇದೆ. ಆದಿಲ್‌ಶಾಹಿಗಳು ತೊರವಿಯಿಂದಲೂ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ತಂದರು. ದಾರಿಯುದ್ದಕ್ಕೂ 'ಗಂಜ್' ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ಏರಿ, ಒತ್ತಡ ಇಳಿಸಿಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದಕ್ಕೆ ಸಾಗುತ್ತಿತ್ತು. ಗೋಳಗುಮ್ಮಟ ನೋಡಲು ಹೋದವರು ಈ ಗಂಜ್‌ಗಳ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಇದೆಲ್ಲಕ್ಕೂ ಸೂತ್ರ ಕೊಟ್ಟವನು ಇಟಲಿಯ ಟಾರಿಸೆಲ್ಲಿ, 1644ರಲ್ಲಿ. ಧಾರೆಯ ವೇಗ ಅದರ ಮೇಲಿನ ನೀರಿನ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ. ನೀರು ನಾಲ್ಕು ಪಟ್ಟು ಎತ್ತರ ನಿಂತರೆ ಹರಿವು ಎರಡು ಪಟ್ಟು, ಅಷ್ಟೇ. ಈ ಸೂತ್ರವನ್ನು ಲೂಲೆಗೆ ಹಚ್ಚಿದರೆ ನಿಮಿಷಕ್ಕೆ 44 ಲೀಟರ್ ಬರುತ್ತದೆ. ಗಿಡ್ಡ ನಳಿಗೆಯಲ್ಲಿ ನಿಜವಾಗಿ ಹರಿಯುವುದು ಅದರ ನೂರಕ್ಕೆ 82ರಷ್ಟು ಎಂದು ಇಂದಿನ ಎಂಜಿನಿಯರಿಂಗ್ ಪುಸ್ತಕಗಳು ಹೇಳುತ್ತವೆ. ಅಂದರೆ 36 ಲೀಟರ್!

ಅಕ್ವೇರಿಯಂನವರಿಗೂ ಇದೇ ಸೂತ್ರ ಸಾಕು. ನಳಿಗೆಯಿಲ್ಲದ ಬರೀ ತೂತಾದರೆ ನೂರಕ್ಕೆ 60 ಎಂದು ಹಿಡಿಯಬೇಕು. ಒಂದು ಇಂಚಿನ ಇಳಿಬಾಯಿಯ ಮೇಲೆ ಐದು ಸೆಂಟಿಮೀಟರ್ ನೀರು ನಿಂತರೆ ಗಂಟೆಗೆ ಸುಮಾರು ಸಾವಿರ ಲೀಟರ್ ಇಳಿದೀತು. ನಾಲ್ಕು ಸಾವಿರ ಲೀಟರಿನ ಪಂಪು ತಂದವರು ಅದನ್ನು ನಂಬಿದರೆ ನೆಲ ಒದ್ದೆ. ಎರಡು ಇಂಚಿನ ಬಾಯಿಯಾದರೆ ಅಷ್ಟೇ ಎತ್ತರದಲ್ಲಿ ನಾಲ್ಕು ಪಟ್ಟು. ಕೆಳಕ್ಕಿಳಿಯುವ ಪೈಪು ಪೂರ್ತಿ ತುಂಬಿ ಹರಿದರೆ ಇದಕ್ಕಿಂತ ಹೆಚ್ಚು ಎಳೆಯುತ್ತದೆ ನಿಜ, ಆದರೆ ಗಾಳಿ ಸೇರಿ ಗೊಳಗೊಳ ಎನ್ನತೊಡಗಿದರೆ ಆ ಲೆಕ್ಕ ಕೆಡುತ್ತದೆ. ಪಾಚಿ ಕಟ್ಟಿದರೂ ಹಾಗೆಯೇ. ಆದುದರಿಂದ ಲೆಕ್ಕ ಹಾಕಿದ ಮೇಲೂ ಒಂದು ಬಕೆಟ್ ಹಿಡಿದು ಗಡಿಯಾರ ನೋಡುವುದು ಒಳ್ಳೆಯದು. ಜೊತೆಗೆ ಸ್ವಲ್ಪ ಎತ್ತರದಲ್ಲಿ, ಅದೇ ಗಾತ್ರದ ಇನ್ನೊಂದು ಪೈಪನ್ನು ಖಾಲಿ ಬಿಟ್ಟಿರುವುದೂ.