ಅಮೆರಿಕದಲ್ಲಿ ಜರ್ಮನ್ ವಲಸಿಗರು ಮತ್ತು ಅವರ ಭಾಷೆ

ಅಮೆರಿಕದಲ್ಲಿ ಜರ್ಮನರ ಮೊದಲ ಸ್ಥಿರ ನೆಲೆ ಫಿಲಡೆಲ್ಫಿಯಾದ ಬಳಿಯ ಜರ್ಮನ್‌ಟೌನ್. ಕ್ರೆಫೆಲ್ಡ್ ಪಟ್ಟಣದಿಂದ ಹೊರಟ ಹದಿಮೂರು ಕುಟುಂಬಗಳು 1683ರಲ್ಲಿ ಇಲ್ಲಿಗೆ ಬಂದವು. ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಎಂಬ ವಕೀಲ ಅವರ ಮುಂದಾಳಾಗಿದ್ದ. 1688ರಲ್ಲಿ ಅವನೂ ಇನ್ನು ಮೂವರೂ ಸಹಿ ಹಾಕಿದ ಗುಲಾಮಗಿರಿ ವಿರೋಧಿ ಮನವಿ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಹುಟ್ಟಿದ ಅತಿ ಹಳೆಯ ಇಂಥ ಪತ್ರಗಳಲ್ಲೊಂದು. ಇದೇ ಊರಿನಲ್ಲಿ ಕ್ರಿಸ್ಟೋಫ್ ಸೌರ್ 1743ರಲ್ಲಿ ಜರ್ಮನ್ ಬೈಬಲನ್ನು ಅಚ್ಚು ಹಾಕಿದ. ಅಮೆರಿಕದಲ್ಲಿ ಇಂಗ್ಲಿಷ್ ಬೈಬಲ್ ಅಚ್ಚಾಗಲು ಇನ್ನೂ ಹಲವು ದಶಕ ಬೇಕಾಯಿತು.

ಹದಿನೆಂಟನೆಯ ಶತಮಾನದಲ್ಲಿ ಬಂದವರಲ್ಲಿ ರೈನ್ ನದಿಯ ಪಕ್ಕದ ಪಾಲಟಿನೇಟ್ ಸೀಮೆಯ ಬಡ ರೈತರೇ ಹೆಚ್ಚು. ಹಡಗಿನ ದುಡ್ಡು ಕೊಡಲಾಗದವರು ಕೆಲವು ವರ್ಷ ಜೀತ ಮಾಡಿ ಸಾಲ ತೀರಿಸುತ್ತಿದ್ದರು. 1732ರಲ್ಲಿ ತಾನೇ ಒಂದು ಜರ್ಮನ್ ಪತ್ರಿಕೆ ಹೊರತಂದು ನಷ್ಟ ಅನುಭವಿಸಿದ್ದ ಬೆಂಜಮಿನ್ ಫ್ರಾಂಕ್ಲಿನ್, 1751ರ ಹೊತ್ತಿಗೆ ಪೆನ್ಸಿಲ್ವೇನಿಯಾ ಪೂರಾ ಜರ್ಮನರ ಪಾಲಾದೀತೆಂದು ಗಾಬರಿಪಟ್ಟು ಬರೆದ.

ಜರ್ಮನ್ ನಾಡುಗಳಲ್ಲಿ 1848ರ ಕ್ರಾಂತಿ ಸೋತ ಮೇಲೆ ಬಂದವರು ಬೇರೆಯೇ ಬಗೆಯವರು: ಪತ್ರಕರ್ತರು, ಅಧ್ಯಾಪಕರು, ರಾಜಕೀಯ ಬಲ್ಲವರು. ಅವರಲ್ಲೊಬ್ಬನಾದ ಕಾರ್ಲ್ ಶುರ್ಟ್ಸ್ ಸೆನೆಟ್ ಸದಸ್ಯನೂ ಮುಂದೆ ಮಂತ್ರಿಯೂ ಆದ. ಅವನ ಹೆಂಡತಿ ಮಾರ್ಗರೆಥೆ 1856ರಲ್ಲಿ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ತೆರೆದಳು. ವಲಸೆ 1880ರ ದಶಕದಲ್ಲಿ ತುತ್ತತುದಿ ಮುಟ್ಟಿತು. ಆ ಹತ್ತು ವರ್ಷಗಳಲ್ಲಿ ಸುಮಾರು 14 ಲಕ್ಷ ಜನ ಬಂದರು. ಮಿಲ್ವಾಕೀ, ಸಿನ್ಸಿನಾಟಿ, ಸೇಂಟ್ ಲೂಯಿಸ್ ನಗರಗಳಲ್ಲಿ ಜರ್ಮನ್ ಪತ್ರಿಕೆ, ನಾಟಕಶಾಲೆ, ಗಾಯನ ಸಂಘ, ಬಿಯರ್ ಕಾರ್ಖಾನೆಗಳು ಬೆಳೆದವು. ಒಹಾಯೋದಲ್ಲಂತೂ 1839ರಿಂದಲೇ ಸರ್ಕಾರಿ ಶಾಲೆಗಳು ಜರ್ಮನ್ ಕಲಿಸಬಹುದಾಗಿತ್ತು.

ಪೆಟ್ಟು ಬಿದ್ದದ್ದು ಮೊದಲನೆಯ ಮಹಾಯುದ್ಧದಲ್ಲಿ. 1918ರ ಏಪ್ರಿಲ್‌ನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ವಲಸಿಗನನ್ನು ಗುಂಪೊಂದು ನೇಣಿಗೆ ಹಾಕಿತು. ಮರುತಿಂಗಳು ಅಯೋವಾದ ಗವರ್ನರ್ ಸಾರ್ವಜನಿಕ ಸ್ಥಳದಲ್ಲಿ, ಕೊನೆಗೆ ಟೆಲಿಫೋನಿನಲ್ಲೂ, ಇಂಗ್ಲಿಷಲ್ಲದ ಮಾತು ಕೂಡದೆಂದು ಘೋಷಿಸಿದ. ನೆಬ್ರಾಸ್ಕಾ 1919ರಲ್ಲಿ ಎಂಟನೆಯ ತರಗತಿ ಮುಗಿಯುವ ಮೊದಲು ಮಕ್ಕಳಿಗೆ ಬೇರೆ ಭಾಷೆ ಕಲಿಸುವುದನ್ನು ನಿಷೇಧಿಸಿತು. ಜರ್ಮನ್ ಓದಿಸಿ ಶಿಕ್ಷೆಗೊಳಗಾದ ಮೇಯರ್ ಎಂಬ ಶಿಕ್ಷಕನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1923ರಲ್ಲಿ ಈ ಕಾಯಿದೆಯನ್ನು ಹೊಡೆದುಹಾಕಿತಾದರೂ ಅಷ್ಟರಲ್ಲಿ ಬಹಳಷ್ಟು ಶಾಲೆಗಳು ಪಾಠ ಕೈಬಿಟ್ಟಿದ್ದವು. ಯುದ್ಧವೊಂದನ್ನೇ ದೂರುವುದೂ ಸರಿಯಲ್ಲ. ಹೊಸ ವಲಸೆ ಅದಕ್ಕೂ ಮೊದಲೇ ಇಳಿದಿತ್ತು, ನಗರದ ಮಕ್ಕಳು ಇಂಗ್ಲಿಷಿನತ್ತ ಹೊರಳಿದ್ದರು.

ಹೀಗೆ ಪತ್ರಿಕೆ, ರಂಗಭೂಮಿಗಳ ಬೆಂಬಲವಿದ್ದ ಶಿಷ್ಟ ಜರ್ಮನ್ ನಗರಗಳಿಂದ ಮರೆಯಾಯಿತು. ಉಳಿದದ್ದು ಪಾಲಟಿನೇಟ್ ರೈತರ ಆಡುಮಾತು. ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್ ಸುತ್ತಲಿನ ಜರ್ಮನ್ ಈಗ ವಯಸ್ಸಾದವರ ಬಾಯಲ್ಲಷ್ಟೇ ಇದೆ. ಆದರೆ ಪಾಲಟಿನೇಟ್ ಆಡುಮಾತಿನಿಂದ ಬೆಳೆದ ಪೆನ್ಸಿಲ್ವೇನಿಯಾ ಜರ್ಮನ್ ಆಡುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನರ ಸಂಖ್ಯೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಾ ಮೂರು ಲಕ್ಷ ದಾಟಿದೆ. ಅವರು ಮನೆಯಲ್ಲಿ ಈ ಆಡುಮಾತನ್ನೂ ಪ್ರಾರ್ಥನೆಯಲ್ಲಿ ಲೂಥರನ ಬೈಬಲಿನ ಜರ್ಮನನ್ನೂ ಶಾಲೆಯಲ್ಲಿ ಮತ್ತು ಹೊರಗಿನವರೊಂದಿಗೆ ಇಂಗ್ಲಿಷನ್ನೂ ಬಳಸುತ್ತಾರೆ.