ಸಿಂದಿ, ಸಾರಾಯಿ, ರಮ್: ಧಾರವಾಡ ಸೀಮೆಯ ಮದ್ಯದ ಚರಿತ್ರೆ

ಕನ್ನಡ ನಾಡಿನಲ್ಲಿ ಹೆಂಡದ ವ್ಯಾಪಾರ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಸರೇ ಅವನ ಕಾಯಕವನ್ನು ಹೇಳುತ್ತದೆ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ಜನ ಕುಡಿದದ್ದು ಈಚಲು ಮರದ ಸಿಂದಿಯನ್ನು. ಬೆಳಗಿನ ತಂಪಿನಲ್ಲಿ ಇಳಿಸಿದಾಗ ಅದು ಸಿಹಿ, ಬಿಸಿಲೇರಿದಂತೆ ನೊರೆಗಟ್ಟಿ ಹುಳಿಯಾಗುತ್ತದೆ, ಮರುದಿನಕ್ಕೆ ಉಳಿಯುವುದಿಲ್ಲ. ಮರವಿದ್ದ ಊರಲ್ಲೇ ಇಳಿಸಿ ಅಲ್ಲೇ ಮುಗಿಸಬೇಕಾದ ಈ ಸರಕಿನಿಂದ ದೂರದ ಖಜಾನೆಗೆ ದೊಡ್ಡ ಲಾಭವಿರಲಿಲ್ಲ. ಬಟ್ಟಿ ಇಳಿಸಿದ ಸಾರಾಯಿಯ ಗುಣ ಬೇರೆ. ಅದು ಕೆಡುವುದಿಲ್ಲ, ಬಂಡಿಯ ಮೇಲೆ ಸಾಗುತ್ತದೆ, ಅಳೆದು ತೆರಿಗೆ ಹಾಕಲು ಸಿಗುತ್ತದೆ.

ಬ್ರಿಟಿಷ್ ಸರಕಾರ ಹಿಡಿದದ್ದು ಈ ಗುಣವನ್ನೇ. 1878ರ ಬೊಂಬಾಯಿ ಅಬಕಾರಿ ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದಿರಲಿ, ಸಿಂದಿಗಾಗಿ ಮರಕ್ಕೆ ಕೈ ಹಚ್ಚುವುದೂ ಅಪರಾಧವಾಯಿತು. ಬೊಂಬಾಯಿ ಪ್ರಾಂತ್ಯದ ದೇಶಿ ಸಾರಾಯಿ ಹೆಚ್ಚಾಗಿ ಇಪ್ಪೆ ಹೂವಿನದು. ಅಂಗಡಿಗಳು ಲಿಲಾವಿಗೆ ಬರುತ್ತಿದ್ದವು, ಗುತ್ತಿಗೆ ಹಿಡಿದವನಿಗೆ ಒಂದಿಷ್ಟು, ಸರಕಾರಕ್ಕೆ ಬಹುಪಾಲು. 1919ರ ಸುಧಾರಣೆಗಳ ನಂತರ ಅಬಕಾರಿ ವರಮಾನ ಪ್ರಾಂತೀಯ ಸರಕಾರದ ಕೈಗೆ ಬಂತು, ಶಿಕ್ಷಣದಂಥ ಖಾತೆಗಳು ಅದನ್ನು ನೆಚ್ಚಿ ನಡೆಯಬೇಕಾಯಿತು. ಒಬ್ಬನ ಕುಡಿತದ ದುಡ್ಡಿನಲ್ಲಿ ಇನ್ನೊಬ್ಬನ ಮಗ ಅಕ್ಷರ ಕಲಿಯುವ ಈ ಏರ್ಪಾಟನ್ನು ಗಾಂಧೀಜಿ ತೀವ್ರವಾಗಿ ಖಂಡಿಸಿದರು. ಆ ಖಂಡನೆ ಇಂದಿಗೂ ಹಳತಾಗಿಲ್ಲ.

ಅಸಹಕಾರ ಚಳವಳಿ ಸಾರಾಯಿ ಅಂಗಡಿಯ ಬಾಗಿಲಿಗೆ ಬಂದು ನಿಂತದ್ದು ಈ ಕಾರಣಕ್ಕೇ. ಧಾರವಾಡದಲ್ಲಿ ಖಿಲಾಫತ್ ಮತ್ತು ಕಾಂಗ್ರೆಸ್ ಕಾರ್ಯಕರ್ತರು ಒಟ್ಟಾಗಿ ಪಿಕೆಟಿಂಗ್ ನಡೆಸಿದರು. ಕುಡಿಯಲು ಬಂದವರಿಗೆ ಕೈಮುಗಿದು ವಾಪಸು ಹೋಗಿರೆಂದು ಕೇಳಿಕೊಳ್ಳುವುದು, ಇಷ್ಟೇ ಅವರ ಕೆಲಸ. 1921ರ ಜುಲೈ 1ರಂದು ಜಕಣಿ ಬಾವಿಯ ಬಳಿಯ ಸಾರಾಯಿ ಅಂಗಡಿಯ ಎದುರು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಕಾರ್ಯಕರ್ತರು ಸತ್ತರು, ಹಲವರು ಗಾಯಗೊಂಡರು. ಸುದ್ದಿ ದೇಶದ ತುಂಬ ಹರಡಿತು, ಕಾಂಗ್ರೆಸ್ ತನ್ನದೇ ವಿಚಾರಣಾ ಸಮಿತಿಯನ್ನು ಕಳಿಸಿತು. ಹಿಂದೂ-ಮುಸ್ಲಿಮರು ಭುಜಕ್ಕೆ ಭುಜ ಹಚ್ಚಿ ನಿಂತ ಈ ಘಟನೆಗೆ ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಚರಿತ್ರೆಯಲ್ಲಿ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ. ಮುಂದೆ 1930ರ ಕಾನೂನುಭಂಗದಲ್ಲಿ ನಾ.ಸು. ಹರ್ಡೀಕರರ ಹಿಂದುಸ್ತಾನಿ ಸೇವಾದಳ ಹುಬ್ಬಳ್ಳಿಯಿಂದ ಸ್ವಯಂಸೇವಕರನ್ನು ಅಣಿಗೊಳಿಸಿತು. ಹೆಂಗಸರನ್ನು ಸಂಘಟಿಸಿದವರು ಉಮಾಬಾಯಿ ಕುಂದಾಪುರ.

ಹೋರಾಟದಲ್ಲಿ ಕೊಟ್ಟ ಮಾತು ಸ್ವಾತಂತ್ರ್ಯದ ನಂತರ ಕಾಯ್ದೆಯಾಯಿತು. 1949ರ ಬೊಂಬಾಯಿ ಪಾನನಿಷೇಧ ಕಾಯ್ದೆಯಂತೆ 1950ರ ಏಪ್ರಿಲ್‌ನಿಂದ ಇಡೀ ಬೊಂಬಾಯಿ ರಾಜ್ಯ, ಅದರೊಂದಿಗೆ ಧಾರವಾಡ ಜಿಲ್ಲೆ, ಒಣಗಿತು. ಮೊರಾರ್ಜಿ ದೇಸಾಯಿಯವರ ಪಟ್ಟು ಇದರ ಹಿಂದಿತ್ತು. ಅಂಗಡಿಯಲ್ಲಿ ಮಾರುವುದಷ್ಟೇ ಅಲ್ಲ, ಪರ್ಮಿಟ್ ಇಲ್ಲದೆ ಮನೆಯ ಕಪಾಟಿನಲ್ಲಿ ಒಂದು ಬಾಟಲಿ ಇಡುವುದೂ ಅಪರಾಧ. ಪರ್ಮಿಟ್ ಸಿಗುತ್ತಿದ್ದುದು ವಿದೇಶಿಯರಂಥ ಕೆಲವರಿಗೆ ಮತ್ತು ವೈದ್ಯರ ಶಿಫಾರಸು ತಂದವರಿಗೆ. ಕಾಯ್ದೆಯ ಬಿಗಿ ಎಷ್ಟಿತ್ತೆಂದರೆ ಮದ್ಯಸಾರವಿರುವ ಔಷಧ ಮತ್ತು ಅತ್ತರುಗಳೂ ಅದರ ಬಲೆಗೆ ಬಿದ್ದವು. 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಷ್ಟು ಭಾಗವನ್ನು ರದ್ದುಪಡಿಸಿ, ಉಳಿದದ್ದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ನಿಷೇಧದ ವರ್ಷಗಳು ಕಳ್ಳಬಟ್ಟಿಯ ವರ್ಷಗಳೂ ಹೌದು. ಕೊಳೆತ ಬೆಲ್ಲ, ನವಸಾಗರ, ಒಂದು ಕೊಡ, ಊರಾಚೆಯ ಹಳ್ಳ: ಬಂಡವಾಳ ಇಷ್ಟೇ. ಪಶ್ಚಿಮಕ್ಕೆ ಗೋವಾ. 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರದಾಗಿದ್ದ, ಆಮೇಲೂ ನಿಷೇಧವಿಲ್ಲದ ಆ ನಾಡು ಹುಬ್ಬಳ್ಳಿಗೆ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗದ ರೈಲಿನಲ್ಲಿ ಒಂದೇ ಹಗಲಿನ ದಾರಿ. ಅತ್ತಣ ಮಾಲು ಇತ್ತ ನುಸುಳದಂತೆ ಕಾಯುವ ಕೆಲಸ ಅನಮೋಡದ ಚೆಕ್‌ಪೋಸ್ಟಿನಲ್ಲಿ ಈಗಲೂ ನಡೆದಿದೆ. 1956ರ ನವೆಂಬರ್ 1ರಂದು ಧಾರವಾಡ ಮೈಸೂರು ರಾಜ್ಯ ಸೇರಿದಾಗ ತೊಡಕು ಇನ್ನೊಂದು ಬಗೆಯದಾಯಿತು. ಬೊಂಬಾಯಿಯಿಂದ ಬಂದ ಜಿಲ್ಲೆಗಳಲ್ಲಿ ನಿಷೇಧ, ಹೈದರಾಬಾದಿನಿಂದ ಬಂದ ರಾಯಚೂರು, ಕಲಬುರ್ಗಿಗಳಲ್ಲಿ ಇಲ್ಲ. ಒಂದೇ ರಾಜ್ಯದೊಳಗೆ ಈ ಹೊಲದಲ್ಲಿ ಅಪರಾಧವಾದದ್ದು ತುಂಗಭದ್ರೆಯ ಬಯಲಲ್ಲಿ ಸಹಜವಾಗಿತ್ತು. ಎಸ್. ನಿಜಲಿಂಗಪ್ಪನವರ ಸರಕಾರ 1967ರಲ್ಲಿ ನಿಷೇಧ ತೆಗೆಯಿತು. ವರಮಾನದ ಹಸಿವು ಅದಕ್ಕೆ ದೊಡ್ಡ ಕಾರಣ; ಅಬಕಾರಿ ಮತ್ತೆ ಸರಕಾರದ ಆಧಾರಸ್ತಂಭವಾಯಿತು.

ರಮ್ ಈ ಊರುಗಳಿಗೆ ಒದಗಿದ್ದು ಕಬ್ಬಿನಿಂದ. 1932ರ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆಯ ನಂತರ ದೇಶದ ತುಂಬ ಕಾರ್ಖಾನೆಗಳೆದ್ದವು. ಬೆಳಗಾವಿ ಜಿಲ್ಲೆಯ ಉಗಾರದ ಕಾರ್ಖಾನೆ 1939ರದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೇ ರಮ್ಮಿನ ಮೂಲ. ಮೋಹನ್ ಮೀಕಿನ್ ಕಂಪನಿಯ ಓಲ್ಡ್ ಮಾಂಕ್ 1954ರಲ್ಲಿ ಬಂತು, ಆಗ ಧಾರವಾಡ ಒಣಗಿತ್ತು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸೈನ್ಯ ಸೇರುವ ಮನೆತನಗಳೂ ಈ ಭಾಗದಲ್ಲಿ ಬಹಳ. ಅಂಥ ಮನೆಗಳಿಗೆ ಕ್ಯಾಂಟೀನಿನ ರಮ್ ಚಿರಪರಿಚಿತ.

ಕೂಲಿಯವರ ಪಾಲಿಗೆ ಉಳಿದದ್ದು ಪ್ಯಾಕೆಟ್ ಸಾರಾಯಿ. ಅದನ್ನು ರಾಜ್ಯ ಸರಕಾರ 2007ರ ಜುಲೈ 1ರಿಂದ ನಿಷೇಧಿಸಿತು. ಜಕಣಿ ಬಾವಿಯ ಗೋಲಿಬಾರಿಗೆ ಅಂದು ಸರಿಯಾಗಿ 86 ವರ್ಷ. ಆದರೆ ಕುಡಿತ ನಿಲ್ಲಲಿಲ್ಲ, ಅಗ್ಗದ ವಿಸ್ಕಿ ಮತ್ತು ರಮ್ಮಿನ ‘ನೈಂಟಿ’ಗೆ ತಿರುಗಿತು. ಸಗಟು ವ್ಯಾಪಾರ ಅದಾಗಲೇ, 2003ರಿಂದ, ರಾಜ್ಯದ ಪಾನೀಯ ನಿಗಮದ ಕೈಯಲ್ಲಿತ್ತು. 2019ರ ಜನವರಿಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ಮದ್ಯನಿಷೇಧ ಕೇಳಿದರು. ಗಂಡ ಕುಡಿದ ದುಡ್ಡಿನ ಲೆಕ್ಕ ಅವರಷ್ಟು ಚೆನ್ನಾಗಿ ಯಾವ ಖಾತೆಗೂ ಗೊತ್ತಿಲ್ಲ.

ಪೇಟೆಯ ಮನೆಗಳಲ್ಲಿ ರಮ್ ಬೆರೆಸಿ ಕುಡಿಯುವ ರೂಢಿ ಈಚಿನದು. ಬಣ್ಣವಿಲ್ಲದ ರಮ್ ಸುಲಭವಾಗಿ ಸಿಗತೊಡಗಿದ್ದು ಬಕಾರ್ಡಿ ಕಂಪನಿ ನಂಜನಗೂಡಿನಲ್ಲಿ ತಯಾರಿಕೆ ಆರಂಭಿಸಿದ ಮೇಲೆ. ಅದರೊಂದಿಗೆ ಮೊಹಿತೊ ಬಂತು. ಕಬ್ಬಿನ ದ್ವೀಪವಾದ ಕ್ಯೂಬಾದ ರಾಜಧಾನಿ ಹವಾನಾ ಅದರ ತವರು. ರಮ್ ಹೊರತು ಅದಕ್ಕೆ ಬೇಕಾದದ್ದೆಲ್ಲ ಹುಬ್ಬಳ್ಳಿಯ ಸಂತೆಯಲ್ಲಿ ಮೊದಲಿನಿಂದಲೂ ಇದ್ದದ್ದೇ: ಪುದೀನಾ, ಸಕ್ಕರೆ, ಸೋಡಾ, ಜೊತೆಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ರಸಭರಿತ ಲಿಂಬಿಕಾಯಿ. ಲಿಂಬು ಸೋಡಾ ಕುಡಿದು ಬೆಳೆದ ಊರಿಗೆ ಈ ರುಚಿ ಅಪರಿಚಿತವಲ್ಲ. ಹೋಟೆಲುಗಳಲ್ಲಿ ರಮ್ ಇಲ್ಲದ ಮೊಹಿತೊ ಮಕ್ಕಳ ಮೇಜಿಗೂ ಬರುತ್ತದೆ.

ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಳತೆಯಲ್ಲಿ ಒಂದು ಗ್ಲಾಸಿಗೆ ರಮ್ 45 ಮಿಲಿ, ಲಿಂಬೆ ರಸ 20 ಮಿಲಿ, ಸಕ್ಕರೆ 2 ಚಮಚ, ಪುದೀನಾದ 6 ಕುಡಿ. ಎಲೆಯನ್ನು ಸಕ್ಕರೆ ಮತ್ತು ರಸದೊಂದಿಗೆ ಗ್ಲಾಸಿನ ತಳದಲ್ಲಿ ಮೆಲ್ಲಗೆ ಒತ್ತಬೇಕು. ಚಟ್ನಿಗೆ ಅರೆದಂತೆ ಅರೆದರೆ ಪರಿಮಳ ಹೋಗಿ ಕಹಿ ಬಿಡುತ್ತದೆ. ಆಮೇಲೆ ಬರ್ಫ, ರಮ್, ಕೊನೆಗೆ ಸೋಡಾ. ಕಪ್ಪು ರಮ್ ಹಾಕಿದರೆ ಕಾಕಂಬಿಯ ವಾಸನೆ ಮುಂದಾಗಿ ಪುದೀನಾ ಹಿಂದೆ ಸರಿಯುತ್ತದೆ. ಕರ್ನಾಟಕದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ.